ಎಪ್ಪತ್ಮೂರು ಟಿಕ್ಕು

ಏಳನೆಯ ಕಂತು

“ಆ ಮನೆ ಕಡೆಯಿಂದ ಬಂದೋರಿಗೆ ಈ ಮನೇಲಿ ನೀರೂ ಉಟ್ಟಲ್ಲ,” ಅಂದ ಚಲುವರಾಜು.

ಹಾಗಂದವನು ಜಗಲಿಯ ಮೇಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿದ. ಮಿರ್ಲೆ ಊರಿನ ಮರ್ಯಾದೆ ಅಷ್ಟರಮಟ್ಟಿಗೆ ಉಳಿದಿತ್ತು. ನಾನು ಕೂತೆ. ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳ ಲ್ಯಾಬಿನಲ್ಲಿ ಜನರಿಗೆ ಸೂಜಿ ಚುಚ್ಚಿದವನು ನಾನು, ಬೈಗುಳ ಕೇಳಿ ಎದ್ದು ಹೋಗುವ ಅಭ್ಯಾಸವಿಲ್ಲ. ರಿಟೈರ್ ಆದ ಮೇಲೆ ಪೊಲೀಸರು ಕೆಡಿಸಿಟ್ಟ ಕೇಸುಗಳ ಹಿಂದೆ ಅಲೆಯುವುದು ನನ್ನ ಹುಚ್ಚು. ಉಮಾಶಂಕರ ಅಂದರೆ ನಾಲ್ಕು ತಾಲ್ಲೂಕಿನ ಸ್ಟೇಷನ್‌ಗಳಲ್ಲೂ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಒಂಬತ್ತು ದಿನದ ಹಿಂದೆ ಇವನ ತಾಯಿ ಬೀರಮ್ಮ ಕಿರಿಮಗ ಸುರೇಶನ ಹನಗೋಡಿನ ಮನೆಯಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮುಂದೆ, ಎದೆ ಹಿಡಿದುಕೊಂಡು ಕುಸಿದು ಸತ್ತಿದ್ದರು. ಸುರೇಶನ ಹೆಂಡತಿ ಮಧುಶ್ರೀ ಅತ್ತೆಗೆ ಹೊಟ್ಟೆಗೆ ಹಾಕದೆ, ದಿನಾ ಬೆಳಗಿನ ಜಾವ ಏನೋ ಕುಡಿಸಿ ಕೊಂದಳು ಅಂತ ಹಿರಿಮಗ ಚಲುವರಾಜು ದೂರು ಕೊಟ್ಟಿದ್ದ.

ನಾಳೆ ಹನ್ನೊಂದನೇ ದಿನದ ತಿಥಿ. ತಿಥಿ ಮುಗಿದ ತಕ್ಷಣ ಮಧುಶ್ರೀಯನ್ನು ಜೀಪಿಗೆ ಹತ್ತಿಸುತ್ತೇನೆ ಅಂತ ಸಬ್‌ಇನ್‌ಸ್ಪೆಕ್ಟರ್ ಗೌರೀಶ್ ಹೇಳಿಬಿಟ್ಟಿದ್ದ. ಆಕೆಗೆ ನಾಲ್ಕು ವರ್ಷದ ಮಗಳಿದ್ದಾಳೆ. ನನ್ನ ಕೈಯಲ್ಲಿ ಇನ್ನು ಉಳಿದದ್ದು ಒಂದು ಹಗಲು.

“ನಿಮ್ಮನ್ನ ಯಾರು ಕರ್ಕಬಂದ್ರು?” ಅಂತ ಕೇಳಿದ ಚಲುವರಾಜು.

“ನಿಮ್ಮ ತಮ್ಮ. ನಾಲೆ ಸೇತುವೆ ಹತ್ತಿರ ಬೈಕ್ ನಿಲ್ಲಿಸಿಕೊಂಡು ಕಾಯ್ತಿದ್ದಾನೆ.”

“ಅಲ್ಲೇ ನಿಂತಿರ್ಲಿ. ಈ ಅಂಗಳಕ್ಕೆ ಕಾಲಿಟ್ರೆ ಮುರೀತೀನಿ.” ಅವನು ಜೇಬಿನಿಂದ ಎರಡು ಚೀಟಿ ತೆಗೆದ. “ನೋಡ್ಕಳಿ. ನಮ್ಮನೆಯಿಂದ ಓಗುವಾಗ ಅವ್ವ ಐವತ್ತೊಂಬತ್ತು ಕೆಜಿ. ಸತ್ತಾಗ ನಲವತ್ತಾರು. ಎಪ್ಪತ್ನಾಲ್ಕು ದಿನಕ್ಕೆ ಅದಿಮೂರು ಕೆಜಿ. ಅನ್ನ ಆಕಿದ್ರೆ ಇಂಗಾಯ್ತದಾ?”

ತಾಯಿಯ ತೂಕವನ್ನು ಎದೆ ಜೇಬಿನಲ್ಲಿಟ್ಟುಕೊಂಡು ಓಡಾಡುವ ಮಗ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಅನ್ನ ಹಾಕಿದ್ದಳು. ಬೆಳಿಗ್ಗೆ ತಾನೇ ಹನಗೋಡಿನಲ್ಲಿ ಮಧುಶ್ರೀ ಅತ್ತು ಬತ್ತಿದ ಕಣ್ಣಲ್ಲಿ ಹೇಳಿದ್ದಳು: “ತಿಂತಾನೇ ಇದ್ರು ಸಾರ್. ಒಂದೂವರೆ ಮುದ್ದೆ ಉಣ್ಣೋರು ಮೂರು ಉಣ್ಣೋರು. ಆದ್ರೂ ರವಿಕೆ ಎಗಲಿಂದ ಜಾರೋದು. ಕೈ ನಡುಗಿ ಸೊಪ್ಪನ್ನ ಕಡ್ಡಿಗೆ ಕಟ್ಟಕ್ಕಾಗ್ತಿರ್ಲಿಲ್ಲ. ಎದೆ ಡವಡವ ಅಂತದೆ ಕಣಮ್ಮಿ ಅಂತಿದ್ರು. ನಿದ್ದೆ ಇಲ್ಲ, ಮೈಯೆಲ್ಲಾ ಬೆವರು, ದಿನಕ್ಕೆ ನಾಕ್ ಸಲ ಬಯಲಿಗೆ ಓಗೋರು. ಬ್ಯಾರನ್ ಬಿಸಿಗೆ ಅಂದ್ಕಂಡ್ವಿ.”

ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಹನಗೋಡಿನ ಕಡೆ ಬೆವರದವರು ಯಾರು, ನಿದ್ದೆ ಮಾಡಿದವರು ಯಾರು? ಹಸಿ ಸೊಪ್ಪು ಮುಟ್ಟಿ ತಲೆ ತಿರುಗದವರು ಯಾರು? ಬೇರೆ ಕಾಲದಲ್ಲಾಗಿದ್ದರೆ ಬೀರಮ್ಮನ ನಡುಗುವ ಕೈ ಊರಿಗೇ ಕಾಣುತ್ತಿತ್ತು. ಬ್ಯಾರನ್ ಮುಂದೆ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ನನಗೆ ಮಾತ್ರ ಆ ನಡುಕ ಗೊತ್ತು. ಹನ್ನೆರಡು ವರ್ಷದಿಂದ ನಾನೂ ಥೈರಾಯ್ಡ್ ಮಾತ್ರೆ ನುಂಗುವವನು. ಒಮ್ಮೆ ಡೋಸ್ ಹೆಚ್ಚಾಗಿ, ಆ ತಿಂಗಳೆಲ್ಲಾ ರೋಗಿಗಳ ನರ ಸಿಗದೆ ಎರಡೆರಡು ಸಲ ಚುಚ್ಚಿ ಬೈಸಿಕೊಂಡಿದ್ದೆ. ಡೋಸ್ ಇಳಿಸಿದ ಮೇಲೆ ನಡುಕ ನಿಂತಿತು.

ಹನಗೋಡಿನ ಅಡುಗೆಮನೆಯಲ್ಲಿ ಎರಡು ವಸ್ತು ನೋಡಿ ಬಂದಿದ್ದೆ. ಒಂದು, ಬೀರಮ್ಮ ಮಾತ್ರೆ ಇಟ್ಟುಕೊಳ್ಳುತ್ತಿದ್ದ ಬಿಸ್ಕತ್ ಡಬ್ಬ. ಒಳಗೆ ಒಂದೇ ಥೈರಾಯ್ಡ್ ಮಾತ್ರೆಯ ಮೂರು ಬಾಟಲಿ: ಎಪ್ಪತ್ತೈದು, ನೂರು, ನೂರೈವತ್ತು. ಬಾಟಲಿಯ ಮೇಲಿನ ಅಂಕಿ ಏರಿದಷ್ಟೂ ಮಾತ್ರೆ ಜೋರು.

ಇನ್ನೊಂದು, ಗೋಡೆಯ ಮೇಲಿನ ಕ್ಯಾಲೆಂಡರ್. ಬೀರಮ್ಮ ಆ ಮನೆಗೆ ಬಂದ ಜುಲೈ ಒಂದರಿಂದ ಸತ್ತ ಸೆಪ್ಟೆಂಬರ್ ಹನ್ನೆರಡರವರೆಗೆ ಪ್ರತಿ ತಾರೀಕಿಗೂ ಪೆನ್ಸಿಲ್ ಟಿಕ್ಕು. ಬೆಳಗಿನ ಜಾವ ಐದಕ್ಕೆ ಎದ್ದು, ಬರೀ ನೀರಿನಲ್ಲಿ ಮಾತ್ರೆ ಕೊಟ್ಟು, ಟಿಕ್ ಹಾಕಿ, ಒಂದು ಗಂಟೆ ಬಿಟ್ಟು ಕಾಫಿ ಕೊಡುತ್ತಿದ್ದಳಂತೆ ಮಧುಶ್ರೀ. ಗೌರೀಶ್ ಅದನ್ನೇ ಫೋಟೊ ಹೊಡೆದುಕೊಂಡು ಹೋಗಿದ್ದ. ಅವನ ಪ್ರಕಾರ ಎಪ್ಪತ್ಮೂರು ಟಿಕ್ಕು ಅಂದರೆ ಎಪ್ಪತ್ಮೂರು ಸಲ ವಿಷ.

ದಿನ ಎಪ್ಪತ್ನಾಲ್ಕು, ಟಿಕ್ಕು ಎಪ್ಪತ್ಮೂರು. ಆಗಸ್ಟ್ ಹನ್ನೆರಡರ ಜಾಗ ಖಾಲಿ ಇತ್ತು. ಮರೆತಿರಬೇಕು ಅಂದುಕೊಂಡು ನಾನೂ ಬಿಟ್ಟಿದ್ದೆ. ನನ್ನಂಥ ದಡ್ಡನಿಗೆ ಪತ್ತೇದಾರಿ ಬೇರೆ ಕೇಡು.

“ನಿಮ್ಮ ಅವ್ವನ ಡಾಕ್ಟರ್ ಚೀಟಿಗಳು ಬೇಕಿತ್ತು,” ಅಂದೆ ಚಲುವರಾಜುಗೆ.

“ಯಾಕೆ? ನನ್ ತಲೆಗೆ ಕಟ್ಟಕ್ಕಾ?”

“ಇಲ್ಲಿದ್ದಾಗ ಅವರು ಹೇಗಿದ್ದರು?”

“ಎಂಗಿದ್ರು ಅಂದ್ರೆ? ಮುಖ ತುಂಬ್ಕಂಡು ಲಕ್ಷಣವಾಗಿತ್ತು ಅವ್ವ.”

“ತುಂಬಿಕೊಂಡಿತ್ತೋ, ಊದಿಕೊಂಡಿತ್ತೋ?”

ಉತ್ತರ ಬಾಗಿಲ ಹಿಂದಿನಿಂದ ಬಂತು. “ಊದ್ಕಂಡಿತ್ತು ಸಾರ್.” ಚಲುವರಾಜುವಿನ ಹೆಂಡತಿ ಶಾಂತಲಾ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. “ಬೇಸಿಗೇಲೂ ಕಂಬಳಿ ಒದ್ಕಂಡು ಮಲ್ಗೋರು. ಕರುದ್ರೆ ಓಗೊಡಕ್ಕೂ ಬೇಜಾರು. ಅದಕ್ಕೆ ಕೆ.ಆರ್. ನಗರಕ್ಕೆ ಎರಡ್ ಸಲ ಕರ್ಕೊಂಡೋಗಿ ರಕ್ತ ತೋರ್ಸುದ್ರು ಇವ್ರು. ಎರಡ್ ಸಲನೂ ಮಾತ್ರೆ ಏರ್ಸಿದ್ರು.”

“ನೀ ಒಳಿಕ್ಕೋಗು,” ಅಂದ ಗಂಡ.

ಅವಳು ಒಳಗೆ ಹೋದಳು. ಚೀಟಿಗಳಿದ್ದ ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ವಾಪಸ್ ಬಂದಳು. ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಅಂತ ಗೊತ್ತಾಯಿತು.

ಬೀರಮ್ಮನನ್ನು ಅಣ್ಣತಮ್ಮಂದಿರು ಮೂರು ಮೂರು ತಿಂಗಳ ಸರದಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಸರದಿ ಬದಲಾದಾಗ ಟ್ರಂಕು, ಕಂಬಳಿ, ಬಿಸ್ಕತ್ ಡಬ್ಬ ಅಜ್ಜಿಯ ಜೊತೆ ಹೋಗುತ್ತಿದ್ದವು. ಚೀಟಿಗಳು ಮಾತ್ರ ಯಾರು ಡಾಕ್ಟರ ಹತ್ತಿರ ಕರೆದುಕೊಂಡು ಹೋದರೋ ಅವರ ಮನೆಯಲ್ಲೇ ಉಳಿಯುತ್ತಿದ್ದವು. ಅಣ್ಣತಮ್ಮ ಮಾತು ಬಿಟ್ಟು ವರ್ಷವಾಗಿತ್ತಲ್ಲ, ಕೇಳುವವರು ಯಾರು, ಕೊಡುವವರು ಯಾರು?

ಮಾರ್ಚ್‌ವರೆಗೆ ಹನಗೋಡಿನಲ್ಲಿ ಎಪ್ಪತ್ತೈದರ ಮಾತ್ರೆಯಲ್ಲಿ ಅಜ್ಜಿ ಸುಖವಾಗಿದ್ದರು. ಏಪ್ರಿಲ್‌ನಲ್ಲಿ ಮಿರ್ಲೆಗೆ ಬಂದರು. ಮೇ ತಿಂಗಳ ರಿಪೋರ್ಟಿನಲ್ಲಿ ಟಿಎಸ್‌ಎಚ್ ಹದಿನಾರು. ಒಡಲಿಗೆ ಥೈರಾಯ್ಡ್ ಸಾಲದಿದ್ದರೆ ಏರುವ ಅಂಕಿ ಅದು, ನಾಲ್ಕೈದರ ಒಳಗಿರಬೇಕು. ಅತಿಯಾದರೆ ನೆಲ ಕಚ್ಚುತ್ತದೆ. ಡಾಕ್ಟರು ಮಾತ್ರೆಯನ್ನು ನೂರಕ್ಕೆ ಏರಿಸಿದ್ದರು. ಜೂನ್ ಕೊನೆಯಲ್ಲೂ ಅಂಕಿ ಹನ್ನೆರಡು. ನೂರೈವತ್ತಕ್ಕೆ ಏರಿಸಿದ್ದರು. ಮಾರನೇ ದಿನ ಸರದಿ ಮುಗಿದು ಅಜ್ಜಿ ಹನಗೋಡಿಗೆ ಹೋಗಿದ್ದರು.

ಅದೇ ಅಜ್ಜಿ, ಅದೇ ಮಾತ್ರೆ. ಒಂದು ಮನೆಯಲ್ಲಿ ಎಪ್ಪತ್ತೈದು ಸಾಕು, ಇನ್ನೊಂದು ಮನೆಯಲ್ಲಿ ನೂರೂ ಸಾಲದು. ಯಾಕೆ?

“ಮಾತ್ರೆ ಹೇಗೆ ಕೊಡ್ತಿದ್ರಮ್ಮ ನೀವು?” ಅಂತ ಶಾಂತಲಾಳನ್ನು ಕೇಳಿದೆ.

“ಡಾಕ್ಟ್ರು ಏಳ್ದಂಗೇ ಸಾರ್. ಖಾಲಿ ಒಟ್ಟೇಲಿ. ತಿಂಡಿಗೆ ಮುಂಚೆ, ಕಾಫಿ ಜೊತೆ.” ಅವಳು ಅಂಗೈ ಮುಂದೆ ಮಾಡಿದಳು. “ಎಲ್ಲಾ ಇಂಗೆ ಕೈಯಲ್ಲಿ ಆಕ್ಕೊಟ್ರೆ ಒಂದೇ ಸಲಕ್ಕೆ ನುಂಗೋರು.”

“ಎಲ್ಲಾ ಅಂದರೆ?”

“ಥೈರಾಯ್ಡ್‌ದು, ಆಮೇಲೆ ಮೂಳೆ ಮಾತ್ರೆ.”

“ಮೂಳೆ ಮಾತ್ರೆ ಚೀಟಿಯಲ್ಲಿ ಇಲ್ಲವಲ್ಲ.”

“ಅದು ನಂದು ಸಾರ್.” ಅವಳು ಒಳಗಿನಿಂದ ದೊಡ್ಡ ಬಿಳಿ ಡಬ್ಬಿ ತಂದಳು. ಕ್ಯಾಲ್ಸಿಯಂ. “ಈ ಯುಗಾದಿ ಆದ್ಮೇಲೆ ನಂಗೆ ಬರ್ಕೊಟ್ಟಿದ್ದು. ಅತ್ತೆಗೂ ಮಂಡಿ ನೋವಲ್ವಾ, ನಾನೊಬ್ಳೇ ತಿಂದ್ರೆ ಎಂಗೆ ಅಂತ ಅವ್ರಿಗೂ ದಿನಾ ಒಂದು ಕೊಡ್ತಿದ್ದೆ. ಓಗುವಾಗ ಅದನ್ನ ಕಳುಸ್ಲಿಲ್ಲ. ಡಬ್ಬಿ ಒಂದೇ ಇತ್ತು.”

ನಾನು ಆ ಡಬ್ಬಿಯನ್ನು ತಿರುಗಿಸಿ ಲೇಬಲ್ ಓದಿದೆ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಗೆದ್ದ ಖುಷಿ ಆಗಲಿಲ್ಲ.

“ಡಾಕ್ಟರು ಕೇಳಲಿಲ್ವಾ, ಬೇರೆ ಮಾತ್ರೆ ಏನಾದರೂ ತಗೋತಾರಾ ಅಂತ?”

“ಕೇಳುದ್ರು,” ಅಂದ ಚಲುವರಾಜು. ಅವನ ದನಿ ಸ್ವಲ್ಪ ಇಳಿದಿತ್ತು. “ಇಲ್ಲ ಅಂದೆ. ಅದು ಇವಳ್ದಲ್ವಾ?”

“ಕ್ಯಾಲ್ಸಿಯಂ ಮತ್ತೆ ಥೈರಾಯ್ಡ್ ಮಾತ್ರೆ ಒಟ್ಟಿಗೆ ಹೋದರೆ ಹೊಟ್ಟೆಯಲ್ಲೇ ಒಂದು ಇನ್ನೊಂದನ್ನು ಹಿಡಿದುಕೊಂಡುಬಿಡುತ್ತೆ ಚಲುವರಾಜು. ಎರಡರ ನಡುವೆ ನಾಲ್ಕು ಗಂಟೆಯಾದರೂ ಇರಬೇಕು. ಕಾಫಿ ಕೂಡ ಅಡ್ಡ ಬರುತ್ತೆ. ಇಲ್ಲಿ ನೂರು ಕೊಟ್ಟರೂ ನಿಮ್ಮ ಅವ್ವನ ಒಡಲಿಗೆ ಅರ್ಧ ಸೇರಿತೋ ಇಲ್ಲವೋ. ಸಾಲಲಿಲ್ಲ ಅಂತ ರಿಪೋರ್ಟ್ ಹೇಳಿತು. ಡಾಕ್ಟರು ಏರಿಸುತ್ತಾ ಹೋದರು. ನೂರೈವತ್ತರ ಬಾಟಲಿ ಹಿಡಿದುಕೊಂಡು ಅವ್ವ ಹನಗೋಡಿಗೆ ಹೋದರು. ಅಲ್ಲಿ ಕ್ಯಾಲ್ಸಿಯಂ ಇಲ್ಲ, ಕಾಫಿ ಒಂದು ಗಂಟೆ ಆಮೇಲೆ. ನೂರೈವತ್ತಕ್ಕೆ ನೂರೈವತ್ತೂ ಮೈಗೆ ಹತ್ತಿತು. ಬೇಕಿದ್ದದ್ದು ಎಪ್ಪತ್ತೈದು.”

“ಅದಕ್ಕೆ ತೂಕ ಇಳೀತದಾ?”

“ತೂಕ ಇಳಿಯುತ್ತೆ, ಕೈ ನಡುಗುತ್ತೆ, ನಿದ್ದೆ ಹೋಗುತ್ತೆ, ಎಷ್ಟು ಉಂಡರೂ ಮೈ ಕರಗುತ್ತೆ. ವಯಸ್ಸಾದವರಿಗೆ ಎದೆ ಬಡಿತ ತಾಳ ತಪ್ಪುತ್ತೆ. ಕೊನೆಗೆ ಅದೇ ಆಗಿದ್ದು.”

ಶಾಂತಲಾ ಜಗಲಿಯ ಮೇಲೆ ಕೂತಳು. “ನಾನಾ ಸಾರ್?” ಅಂದಳು. “ನಾ ಕೊಂದ್ನಾ?”

“ಯಾರೂ ಕೊಲ್ಲಲಿಲ್ಲಮ್ಮ. ನೀವು ಅಕ್ಕರೆಯಿಂದ ತಪ್ಪು ಮಾಡಿದ್ರಿ. ಮಧುಶ್ರೀ ಒಂದು ದಿನವೂ ತಪ್ಪದೆ ಸರಿ ಮಾಡಿದಳು. ನಿಮ್ಮಿಬ್ಬರ ಗಂಡಂದಿರು ಮಾತಾಡಿಕೊಂಡಿದ್ದರೆ ಅಜ್ಜಿ ಬದುಕಿರುತ್ತಿದ್ದರು.”

ಚಲುವರಾಜು ಎದ್ದ. ನನಗೆ ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ಆ ಎರಡು ತೂಕದ ಚೀಟಿಗಳನ್ನು ಮಡಚಿ ಮತ್ತೆ ಜೇಬಿಗೇ ಇಟ್ಟುಕೊಂಡ.

“ಮಾತ್ರೆ ಕತೆ ಚೆನ್ನಾಗದೆ,” ಅಂದ. “ಇದ್ನೂ ಬರ್ಕಳಿ. ಬ್ಯಾರನ್ ಲೈಸೆನ್ಸ್ ಅವ್ವನ ಎಸರಲ್ಲಿ ಅದೆ, ಅದಿಲ್ದೆ ಸೊಪ್ಪು ಬೇಯ್ಸಂಗಿಲ್ಲ. ಬರೋ ವರ್ಸ ಈ ದರಿದ್ರ ಸೊಪ್ಪೇ ಬ್ಯಾಡ, ಲೈಸೆನ್ಸ್ ವಾಪಸ್ ಕೊಟ್ಬುಡ್ತೀನಿ ಅಂತ ಅವ್ವ ಎಲ್ಲರ ಮುಂದೆನೂ ಅಂದಿತ್ತು. ಆ ಬ್ಯಾರನ್ ಓದ್ರೆ ನನ್ ತಮ್ಮಂಗೆ ಇನ್ನೇನದೆ?”

ಸೋತವನ ಹೊಟ್ಟೆಕಿಚ್ಚು ಅಂದುಕೊಂಡೆ. ಬರೆದುಕೊಳ್ಳಲಿಲ್ಲ.

ಅಲ್ಲಿಂದಲೇ ಗೌರೀಶ್‌ಗೆ ಫೋನ್ ಮಾಡಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. ಅವನು ಪೂರ್ತಿ ಕೇಳಿದ. ಅದೇ ಆಶ್ಚರ್ಯ.

“ಒಳ್ಳೇ ಕೆಲಸ ಮಾಡಿದ್ದೀರಿ ಸಾರ್,” ಅಂದ. “ಆದ್ರೆ ಒಂದು ಮಾತು. ಮಾತ್ರೆ ಜಾಸ್ತಿಯಾಗಿದೆ ಅಂತ ಆ ಮನೇಲಿ ಯಾರಿಗೂ ಗೊತ್ತಿರಲಿಲ್ಲ ಅಂದ್ರೆ ಇದು ಗ್ರಹಚಾರ, ನಾನು ಫೈಲ್ ಮುಚ್ತೀನಿ. ಗೊತ್ತಿದ್ದೂ ಕೊಟ್ಟಿದ್ದಾರೆ ಅಂದ್ರೆ ಕೊಲೆ. ಕೊಟ್ಟಿದ್ದು ಯಾರ ಕೈ ಅಂತ ಕ್ಯಾಲೆಂಡರೇ ಹೇಳುತ್ತೆ.”

“ಹೇಗೆ ಗೊತ್ತಾಗಬೇಕು ಅವರಿಗೆ? ರಕ್ತ ಪರೀಕ್ಷೆ ಮಾಡಿಸಿದ್ದರೆ ತಾನೆ?” ಅಂದೆ ಗತ್ತಿನಲ್ಲಿ.

ಫೋನ್ ಇಟ್ಟು ಕೊನೆಯ ಚೀಟಿಯನ್ನು ಮಡಚಲು ಹೋದೆ. ಕೆಳಗೆ ಡಾಕ್ಟರ ಕೈಬರಹದ ಎರಡು ಸಾಲು ಇತ್ತು. ಅಜ್ಜಿಯ ಮಕ್ಕಳಿಗೆ ಅರ್ಥವಾಗಲಿ ಅಂತ ಕನ್ನಡದಲ್ಲೇ ಬರೆದಿದ್ದರು ಪುಣ್ಯಾತ್ಮರು: ‘ಆರು ವಾರ ಬಿಟ್ಟು ರಕ್ತ ಪರೀಕ್ಷೆ. ಆ ದಿನ ಮಾತ್ರೆ ರಕ್ತ ಕೊಟ್ಟ ಮೇಲೆ.’

ಚೀಟಿಯ ತಾರೀಕು ಜೂನ್ ಮೂವತ್ತು. ಆರು ವಾರ ಅಂದರೆ ಆಗಸ್ಟ್ ಹನ್ನೊಂದು, ಹನ್ನೆರಡು.

ಟಿಕ್ ಇಲ್ಲದ ಆ ಒಂದು ದಿನ.

“ಇದನ್ನ ಹನಗೋಡಿನಲ್ಲಿ ಯಾರಿಗಾದರೂ ಹೇಳಿದ್ರಾ?” ಅಂತ ಶಾಂತಲಾಳನ್ನು ಕೇಳಿದೆ.

“ಅತ್ತೆಗೇ ಏಳಿ ಕಳ್ಸಿದ್ದೆ ಸಾರ್. ಮರೀಬ್ಯಾಡಿ ಅಂದಿದ್ದೆ.”

ಹನಗೋಡಿನವರು ರಕ್ತ ಕೊಡುವುದು ಹುಣಸೂರಿನಲ್ಲಿ, ಇಲ್ಲವೇ ಪಿರಿಯಾಪಟ್ಟಣದಲ್ಲಿ. ಎರಡೂ ಕಡೆ ನನ್ನ ಕೈಕೆಳಗೆ ಸೂಜಿ ಹಿಡಿಯಲು ಕಲಿತವರು ಇದ್ದಾರೆ. ಇಬ್ಬರಿಗೂ ಬೀರಮ್ಮನ ಹೆಸರು, ವಯಸ್ಸು, ತಾರೀಕು ವಾಟ್ಸಾಪ್ ಮಾಡಿದೆ. ಪರೀಕ್ಷೆ ಆಗಿರಲಾರದು ಅಂತ ಮನಸ್ಸು ಹೇಳುತ್ತಿತ್ತು.

ನಾಲೆ ಸೇತುವೆಯ ಹತ್ತಿರ ಸುರೇಶ ಬೈಕಿನ ಮೇಲೆ ಕೂತಿರಲಿಲ್ಲ, ಪಕ್ಕದಲ್ಲಿ ನಿಂತಿದ್ದ. ಎರಡು ಗಂಟೆ ಹಾಗೇ ನಿಂತಿದ್ದನೋ ಏನೋ. ಮೂರು ದಿನದಿಂದ ನನ್ನನ್ನು ಹೇಳಿದಲ್ಲಿಗೆ ಕರೆದುಕೊಂಡು ಹೋದವನು ಅವನು. ಹೆಚ್ಚು ಮಾತಿಲ್ಲ, ಬೀಡಿ ಇಲ್ಲ, ದಾರಿಯಲ್ಲಿ ಗುಂಡಿ ಬಂದರೆ ‘ಗಟ್ಟಿಯಾಗಿ ಇಡ್ಕಳಿ ಸಾರ್’ ಅನ್ನುತ್ತಿದ್ದ. ನನಗೆ ಅವನು ಹಿಡಿಸಿದ್ದ.

“ಮಧು ಬಚಾವಾ ಸಾರ್?” ಅಂದ.

“ಬಚಾವು. ಹತ್ತು ಗಾಡಿ.”

ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಎಲ್ಲಾ ಹೇಳಿದೆ. ಕ್ಯಾಲ್ಸಿಯಂ ಡಬ್ಬಿ, ಏರಿದ ಡೋಸು, ಗೌರೀಶ್ ಒಪ್ಪಿದ್ದು. “ಗೊತ್ತಿದ್ದೂ ಕೊಟ್ಟಿದ್ದರೆ ಮಾತ್ರ ಕೊಲೆ ಅಂತಾನೆ ಆ ಪುಣ್ಯಾತ್ಮ. ನಿಮ್ಮನೇಲಿ ಯಾರಿಗೆ ಗೊತ್ತಿತ್ತು?” ಅಂದು ನಕ್ಕೆ. ಬೈಕು ಒಮ್ಮೆ ಓಲಾಡಿತು. ಗುಂಡಿ ಇರಬೇಕು ಅಂದುಕೊಂಡೆ. ಆದರೆ ಈ ಸಲ ಅವನು ಗಟ್ಟಿಯಾಗಿ ಹಿಡಿದುಕೊಳ್ಳಿ ಅನ್ನಲಿಲ್ಲ.

ಹುಣಸೂರು ದಾಟುವಾಗ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ತೆಗೆಯಲಿಲ್ಲ.

ಹನಗೋಡು ತಲುಪಿದಾಗ ಮಧ್ಯಾಹ್ನ ಮೂರೂವರೆ. ತಿಥಿಗೆ ಅಂಗಳ ಸಾರಿಸುತ್ತಿದ್ದಳು ಮಧುಶ್ರೀ. ಬ್ಯಾರನ್ ತಣ್ಣಗಿತ್ತು. ಅಜ್ಜಿ ಸತ್ತ ದಿನ ಆರಿಸಿದ ಬೆಂಕಿ, ಒಳಗಿನ ಸೊಪ್ಪು ಹಾಗೇ ಕೊಳೆತು ನಾರುತ್ತಿತ್ತು. ನಾನು ಕಲ್ಲಿನ ಮೇಲೆ ಕೂತು ಕನ್ನಡಕ ಹಾಕಿಕೊಂಡು ಫೋನ್ ತೆಗೆದೆ.

ಪಿರಿಯಾಪಟ್ಟಣದ ಅಂಕಯ್ಯ ಕಳಿಸಿದ್ದ. ಒಂದು ರಿಪೋರ್ಟಿನ ಫೋಟೊ. ಬೀರಮ್ಮ, ಅರವತ್ತೆಂಟು ವರ್ಷ. ರಕ್ತ ತೆಗೆದದ್ದು ಆಗಸ್ಟ್ ಹನ್ನೆರಡು. ಟಿಎಸ್‌ಎಚ್ ಅಂಕಿ ನೆಲ ಕಚ್ಚಿತ್ತು: ಸೊನ್ನೆ ಪಾಯಿಂಟ್ ಸೊನ್ನೆ ಒಂದು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ‘ತುರ್ತಾಗಿ ವೈದ್ಯರಿಗೆ ತೋರಿಸಿ.’

ಕೆಳಗೆ ಅಂಕಯ್ಯ ಬರೆದಿದ್ದ: ‘ಸಾರ್, ಹದಿಮೂರನೇ ತಾರೀಕು ಸಂಜೆ ಮಗ ಬಂದು ರಿಪೋರ್ಟ್ ತಗೊಂಡು ಹೋಗಿದಾರೆ. ಮಾತ್ರೆ ತುಂಬಾ ಜಾಸ್ತಿ ಆಗಿದೆ, ಹೀಗೇ ಬಿಟ್ಟರೆ ಹಾರ್ಟಿಗೆ ಅಪಾಯ, ಇವತ್ತೇ ಡಾಕ್ಟರಿಗೆ ತೋರಿಸಿ ಅಂತ ನಾನೇ ಬಾಯಲ್ಲಿ ಹೇಳಿದೀನಿ. ಸರಿ ಅಂದ್ರು.’ ಜೊತೆಗೆ ಲ್ಯಾಬಿನ ಪುಸ್ತಕದಲ್ಲಿ ರುಜು ಹಾಕಿದ್ದರ ಫೋಟೊ. ಸುರೇಶ್.

ಆ ಕಾಗದ ಈ ಮನೆಗೆ ಬಂದ ಮೇಲೆ ಗೋಡೆಯ ಮೇಲೆ ಇನ್ನೂ ಮೂವತ್ತು ಟಿಕ್ಕು ಬಿದ್ದಿವೆ.

“ಏನಾಯ್ತು ಸಾರ್?” ಮಧುಶ್ರೀ ಸಗಣಿ ಕೈಯಲ್ಲೇ ನಿಂತಿದ್ದಳು. “ಒಳ್ಳೇದಾಯ್ತಾ?”

“ಆಗಸ್ಟ್ ಹನ್ನೆರಡರ ಬೆಳಿಗ್ಗೆ ಅತ್ತೆಗೆ ಮಾತ್ರೆ ಯಾಕೆ ಕೊಡಲಿಲ್ಲಮ್ಮ ನೀನು?”

“ಕೊಟ್ಟೆ ಸಾರ್, ಬಂದ್ಮೇಲೆ. ಪೆನ್ಸಿಲ್ ಆಕಕ್ಕೆ ಮರ್ತೆ. ಅವತ್ತು ರಕ್ತ ಕೊಡಕ್ಕೆ ಇವ್ರು ಕರ್ಕೊಂಡೋಗಿದ್ರಲ್ಲ.”

“ರಿಪೋರ್ಟು?”

“ಎಲ್ಲಾ ಸರಿಯಾಗದೆ ಅಂದ್ರು ಇವ್ರು. ಅವ್ವ ಉಳಿಯೋದೇ ಈ ಮಾತ್ರೇಲಿ ಮಧು, ಒಂದು ದಿನನೂ ತಪ್ಪಿಸ್ಬ್ಯಾಡ ಅಂದ್ರು. ಅದಕ್ಕೇ ಜ್ವರ ಬಂದಾಗ್ಲೂ ನಾನೇ ಎದ್ದು ಕೊಟ್ಟೆ.” ಅವಳು ಹೆಮ್ಮೆಯಿಂದ ಹೇಳಿದಳು. ಆ ಹೆಮ್ಮೆ ಕೇಳಲಾಗಲಿಲ್ಲ ನನಗೆ.

ಹಿಂದೆ, ಬೈಕ್ ನಿಲ್ಲಿಸಿದ್ದ ಕಡೆಯಿಂದ, ಹೆಜ್ಜೆ ಸದ್ದು. ಸುರೇಶ ನನ್ನ ಫೋನನ್ನು ನೋಡಿದ, ನನ್ನನ್ನು ನೋಡಿದ. ಹೆಂಡತಿಯನ್ನು ಮಾತ್ರ ನೋಡಲಿಲ್ಲ.

“ಸುಳ್ಳು ಸಾರ್,” ಅಂದ, ಮೂರು ದಿನ ನನ್ನೊಂದಿಗೆ ಮಾತಾಡಿದ ಅದೇ ಮೆತ್ತನೆ ದನಿಯಲ್ಲಿ. “ರಿಪೋರ್ಟ್ ನಾನು ಅವತ್ತೇ ಅವಳ ಕೈಗೆ ಕೊಟ್ಟಿದ್ದೆ. ಅವಳೇ ಓದಿದ್ಲು.”